ಬಿಗ್ ಫೋರ್ ಹೆಸರು ಎಲ್ಲೆಲ್ಲಿ ಚಲಾವಣೆ?

ಸಿಎ ಇಂಟರ್ ಮುಗಿಸಿದವರ ಮನೆಯಲ್ಲಿ ಮೊದಲು ಏಳುವ ಮಾತು ಆರ್ಟಿಕಲ್‌ಶಿಪ್, ಎಂದರೆ ಕಡ್ಡಾಯ ವೃತ್ತಿ ತರಬೇತಿ, ಎಲ್ಲಿ ಮಾಡುವುದು ಎಂಬುದು. ನೆಂಟರು, ಕೋಚಿಂಗ್ ಮೇಷ್ಟರು, ಸೀನಿಯರ್‌ಗಳು ಹೇಳುವುದೆಲ್ಲ ಹೆಚ್ಚುಕಡಿಮೆ ಒಂದೇ: ಬಿಗ್ ಫೋರ್ ಸಿಕ್ಕರೆ ಬಿಡಬೇಡ. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ, ಈ ನಾಲ್ಕರಲ್ಲಿ ಒಂದು ಹೆಸರು ಬಯೋಡೇಟಾದಲ್ಲಿ ಕೂತರೆ ಮುಂದಿನ ದಾರಿ ಸಲೀಸು ಎಂಬ ನಂಬಿಕೆ ಇದರ ಹಿಂದಿದೆ. ಬೆಂಗಳೂರಿನ ವಾಯವ್ಯ ಅಂಚಿನ ಸೋಲದೇವನಹಳ್ಳಿಯಂಥ ಕಡೆ ಈ ಮಾತಿಗೆ ಬಿಸಿ ಇನ್ನೂ ಹೆಚ್ಚು. ಒಂದು ಕಾಲಕ್ಕೆ ಹೆಸರಘಟ್ಟ ಕೆರೆಯ ನೀರನ್ನು ನಗರಕ್ಕೆ ಏರಿಸುತ್ತಿದ್ದ ಪಂಪ್‌ಹೌಸಿನಿಂದ ಹೆಸರಾಗಿದ್ದ ಈ ಊರು, ಆಚಾರ್ಯ ಸಂಸ್ಥೆಗಳ ಕ್ಯಾಂಪಸ್ ಬಂದ ಮೇಲೆ ಕಾಲೇಜು ಹುಡುಗ ಹುಡುಗಿಯರ ಊರಾಗಿದೆ. ಇಲ್ಲಿ ವಾಣಿಜ್ಯ ಓದಿದವರಿಗೆ ಲೆಕ್ಕದ ಕೆಲಸ ಎರಡು ದಿಕ್ಕಿನಲ್ಲಿದೆ. ಹೆಸರಘಟ್ಟ ರಸ್ತೆ ಹಿಡಿದು ಎಂಟನೇ ಮೈಲಿಗೆ ಇಳಿದರೆ ಪೀಣ್ಯದ ಸಾವಿರಾರು ಸಣ್ಣ ಕಾರ್ಖಾನೆಗಳು, ಅವುಗಳ ಲೆಕ್ಕ ನೋಡುವ ಆಡಿಟರ್ ಕಚೇರಿಗಳು. ಪೂರ್ವಕ್ಕೆ ಹೆಬ್ಬಾಳ ದಾಟಿದರೆ ನಾಗವಾರದ ಮಾನ್ಯತಾ ಟೆಕ್ ಪಾರ್ಕ್, ಅಲ್ಲಿಂದಾಚೆ ಹೊರವರ್ತುಲ ರಸ್ತೆಯ ಉದ್ದಕ್ಕೂ ಬಹುರಾಷ್ಟ್ರೀಯ ಕಂಪನಿಗಳ ಹಣಕಾಸು ಕೇಂದ್ರಗಳು. ದೊಡ್ಡ ಆಡಿಟ್ ಸಂಸ್ಥೆಯ ಅನುಭವ ವೃತ್ತಿಗೆ ನೆರವಾಗುತ್ತದೆಯೇ ಎಂಬ ಪ್ರಶ್ನೆಗೆ ಈ ಎರಡು ದಿಕ್ಕುಗಳು ಎರಡು ಉತ್ತರ ಕೊಡುತ್ತವೆ. ಆ ಹೆಸರು ಒಂದು ಬಗೆಯ ನೋಟು. ಅದನ್ನು ನೋಟೆಂದು ಗುರುತಿಸುವ ಪೇಟೆಯಲ್ಲಿ ಮಾತ್ರ ಅದು ಓಡುತ್ತದೆ, ಅಲ್ಲೂ ಕೆಲವು ವರ್ಷಗಳ ಮಟ್ಟಿಗೆ. ಈ ಲೇಖನದ ವಾದ ಇಷ್ಟೇ.

ಮೊದಲು 'ದೊಡ್ಡ ಸಂಸ್ಥೆ' ಎಂಬುದರೊಳಗೆ ಏನೇನಿದೆ ಎಂದು ಬಿಡಿಸಿ ನೋಡಬೇಕು. ಒಂದೇ ಹೆಸರಿನ ಕೆಳಗೆ ತೀರ ಬೇರೆ ಬೇರೆ ಕೆಲಸಗಳು ಅಡಗಿರುವುದೇ ಈ ಚರ್ಚೆಯ ಅರ್ಧ ಗೊಂದಲಕ್ಕೆ ಕಾರಣ. ನಮ್ಮ ಕಾನೂನಿನಲ್ಲಿ ಕಂಪನಿಯ ಆಡಿಟ್ ವರದಿಗೆ ಸಹಿ ಹಾಕುವ ಹಕ್ಕು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ನೋಂದಾಯಿತರಾದ ಸಿಎಗಳಿಗೆ, ಅವರ ಸಂಸ್ಥೆಗಳಿಗೆ ಮಾತ್ರ. ಹಾಗಾಗಿ ಜಾಗತಿಕ ಜಾಲಗಳು ಇಲ್ಲಿ ಭಾರತೀಯ ಸಂಸ್ಥೆಗಳ ಮೂಲಕ ಆಡಿಟ್ ನಡೆಸುತ್ತವೆ. ಇವೈ ಜಾಲದಲ್ಲಿ ಎಸ್.ಆರ್. ಬಾಟ್ಲಿಬಾಯ್ ಇದೆ, ಕೆಪಿಎಂಜಿ ಜಾಲದಲ್ಲಿ ಬಿಎಸ್‌ಆರ್, ಡೆಲಾಯ್ಟ್ ಜಾಲದಲ್ಲಿ ಡೆಲಾಯ್ಟ್ ಹಸ್ಕಿನ್ಸ್ ಆ್ಯಂಡ್ ಸೆಲ್ಸ್. ಆರ್ಟಿಕಲ್‌ಶಿಪ್ ನಡೆಯುವುದು ಇಂಥವುಗಳಲ್ಲಿ. ಸಲಹಾ ವಿಭಾಗಗಳದ್ದು ಬೇರೆಯೇ ಲೋಕ. ಬೆಂಗಳೂರಿನಲ್ಲಿ ಮೂರನೆಯದೂ ಒಂದಿದೆ: ಈ ಜಾಲಗಳ ಅಮೆರಿಕ, ಬ್ರಿಟನ್ ಶಾಖೆಗಳ ಕೆಲಸವನ್ನು ಇಲ್ಲಿ ಕೂತು ಮಾಡಿಕೊಡುವ ಸೇವಾ ಕೇಂದ್ರಗಳು. ಇವೈಗೆ ಜಿಡಿಎಸ್, ಕೆಪಿಎಂಜಿಗೆ ಕೆಜಿಎಸ್, ಡೆಲಾಯ್ಟ್‌ಗೆ ಯುಎಸ್‌ಐ, ಪಿಡಬ್ಲ್ಯುಸಿಗೆ ಆ್ಯಕ್ಸಲರೇಷನ್ ಸೆಂಟರ್. ಕಾಲೇಜು ಕ್ಯಾಂಪಸ್ಸಿಗೆ ಬಂದು ಬಿ.ಕಾಂ. ಪದವೀಧರರನ್ನು ಗುಂಪಾಗಿ ಆರಿಸಿಕೊಂಡು ಹೋಗುವವರು ಬಹುಮಟ್ಟಿಗೆ ಈ ಕೇಂದ್ರಗಳವರು. ಅಲ್ಲಿ ಸೇರಿದವನು ಅಮೆರಿಕದ ತೆರಿಗೆ ರಿಟರ್ನಿನ ಒಂದು ಭಾಗವನ್ನು ತುಂಬುತ್ತಾನೆ, ಇಲ್ಲವೇ ತಾನು ಎಂದೂ ಕಾಲಿಡದ ಕಂಪನಿಯ ಆಡಿಟ್‌ನಲ್ಲಿ ಒಂದು ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತಾನೆ. ಅವನ ಸುಗ್ಗಿ ನಮ್ಮ ಸೆಪ್ಟೆಂಬರಿನಲ್ಲಿ ಬರುವುದಿಲ್ಲ, ಏಪ್ರಿಲ್ 15ರ ಅಮೆರಿಕದ ಗಡುವಿಗೆ ಬರುತ್ತದೆ. ಅದು ಮರ್ಯಾದೆಯ, ಸಂಬಳದ ಕೆಲಸ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಬಾಟ್ಲಿಬಾಯ್‌ನಲ್ಲಿ ಆರ್ಟಿಕಲ್ಸ್ ಮಾಡಿದವನಿಗೂ ಜಿಡಿಎಸ್‌ನಲ್ಲಿ ರಿಟರ್ನ್ ತಯಾರಿಸಿದವನಿಗೂ 'ಇವೈ ಅನುಭವ' ಎಂಬ ಒಂದೇ ಚೀಟಿ ಅಂಟಿಸಿ ಎರಡಕ್ಕೂ ಒಂದೇ ಬೆಲೆ ಕಟ್ಟುವುದು ಊರಿನ ಜನ ಮಾಡುವ ಲೆಕ್ಕ. ಸಂದರ್ಶನದ ಮೇಜಿನ ಆಚೆ ಕೂತವರು ಹಾಗೆ ಮಾಡುವುದಿಲ್ಲ. ಯಾವ ಘಟಕ, ಯಾವ ಕೆಲಸ ಎಂದು ಅವರು ಎರಡನೇ ಪ್ರಶ್ನೆಯಲ್ಲೇ ಕೇಳುತ್ತಾರೆ.

ಇನ್ನು ಆ ಸಂಸ್ಥೆಗಳ ಭಾರತೀಯ ಆಡಿಟ್ ವಿಭಾಗದಲ್ಲೇ ತರಬೇತಿ ಸಿಕ್ಕಿತು ಎಂದುಕೊಳ್ಳೋಣ. ಅದರಿಂದ ಸಿಗುವ ಲಾಭ ನಿಜವಾದದ್ದು, ಅದನ್ನು ಕಡೆಗಣಿಸುವುದು ಸಣ್ಣತನ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ಲೆಕ್ಕಪತ್ರ ಒಂದು ಬೇರೆ ಪ್ರಾಣಿ. ಇಂಡ್ ಎಎಸ್ ಎಂಬ ಲೆಕ್ಕ ಮಾನದಂಡಗಳ ಪ್ರಕಾರ ಆದಾಯವನ್ನು ಯಾವಾಗ ಗುರುತಿಸಬೇಕು, ಉಪಕಂಪನಿಗಳ ಲೆಕ್ಕವನ್ನು ಹೇಗೆ ಒಗ್ಗೂಡಿಸಬೇಕು, ನೌಕರರಿಗೆ ಕೊಟ್ಟ ಷೇರು ಆಯ್ಕೆಗಳಿಗೆ ಹೇಗೆ ಬೆಲೆ ಕಟ್ಟಬೇಕು ಎಂಬುದನ್ನು ಪುಸ್ತಕದಲ್ಲಿ ಓದುವುದಕ್ಕೂ ಕಂಪನಿಯೊಳಗೆ ಕೂತು ನೋಡುವುದಕ್ಕೂ ಬಹಳ ಅಂತರವಿದೆ. ಸೆಬಿ ನಿಯಮದಂತೆ ತ್ರೈಮಾಸಿಕ ಫಲಿತಾಂಶ 45 ದಿನದಲ್ಲಿ, ವಾರ್ಷಿಕ ಫಲಿತಾಂಶ 60 ದಿನದಲ್ಲಿ ಹೊರಬೀಳಬೇಕು. ಆ ಗಡುವಿನ ಒತ್ತಡದಲ್ಲಿ ಕಡತ ಮುಗಿಸುವ ಶಿಸ್ತು, ಪ್ರತಿ ತೀರ್ಮಾನಕ್ಕೂ ಕಾರಣ ಬರೆದಿಡುವ ಅಭ್ಯಾಸ, ತನ್ನ ಮೇಲೆ ಎರಡು ಮೂರು ಹಂತದವರು ಅದನ್ನು ತಿದ್ದುವ ಪದ್ಧತಿ, ಇವು ಚಿಕ್ಕ ಕಚೇರಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕೆಲಸವೂ ಆ ಕಡೆಗೇ ಹರಿಯುತ್ತಿದೆ. 2013ರ ಕಂಪನಿ ಕಾಯ್ದೆಯ 139ನೇ ಸೆಕ್ಷನ್ ಇಂಥ ನೋಂದಾಯಿತ ಕಂಪನಿಗಳು ಆಡಿಟ್ ಸಂಸ್ಥೆಯನ್ನು ಹತ್ತು ವರ್ಷಕ್ಕೊಮ್ಮೆ ಬದಲಿಸಬೇಕೆಂದಿತು. ದೊಡ್ಡ ಕಂಪನಿಗಳ ಆಡಿಟ್ ಇದರಿಂದ ಹೊಸಬರಿಗೂ ಹಂಚಿಹೋಗಬಹುದು ಎಂದು ಹಲವರು ಆಸೆಪಟ್ಟಿದ್ದರು. 2017ರಲ್ಲಿ ಬೆಂಗಳೂರಿನ ಇನ್ಫೊಸಿಸ್ ಮತ್ತು ವಿಪ್ರೊ ಎರಡರಲ್ಲೂ ಬದಲಾವಣೆ ಬಂತು. ಎರಡೂ ಕಡೆ ಕೆಪಿಎಂಜಿ ಜಾಲದ ಬಿಎಸ್‌ಆರ್ ಹೊರಗೆ ಹೋಯಿತು, ಎರಡೂ ಕಡೆ ಡೆಲಾಯ್ಟ್ ಒಳಗೆ ಬಂತು. ಕುರ್ಚಿ ಬದಲಾಯಿತು, ಪಂಕ್ತಿ ಅದೇ ಉಳಿಯಿತು. ಇಂಥ ಕಂಪನಿಗಳ ಲೆಕ್ಕವನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ ನಾಲ್ಕು ಬಾಗಿಲುಗಳಾಚೆ ಹೆಚ್ಚಿನ ಆಯ್ಕೆ ಇಲ್ಲ ಎಂಬುದು ಒಪ್ಪಬೇಕಾದ ಸಂಗತಿ.

ಇದರ ಪಕ್ಕದಲ್ಲೇ ಕರ್ನಾಟಕದ ಮಧ್ಯಮ ಗಾತ್ರದ ಸಂಸ್ಥೆಗಳ ನೆಲ ಕುಸಿದದ್ದನ್ನೂ ಹೇಳಬೇಕು. ಬ್ಯಾಂಕುಗಳ ತವರು ಎನಿಸಿಕೊಂಡ ರಾಜ್ಯ ಇದು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ, 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಗೆ, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ ಸೇರಿಹೋದವು. ಇಲ್ಲಿ ಪ್ರಧಾನ ಕಚೇರಿ ಉಳಿಸಿಕೊಂಡ ಸಾರ್ವಜನಿಕ ವಲಯದ ಬ್ಯಾಂಕ್ ಕೆನರಾ ಒಂದೇ. ಬ್ಯಾಂಕಿನ ಕೇಂದ್ರ ಕಚೇರಿಯ ಆಡಿಟ್ ಎಂದರೆ ಬೆಂಗಳೂರು, ಮಂಗಳೂರಿನ ಹಳೆಯ ಸಂಸ್ಥೆಗಳಲ್ಲಿ ಆರ್ಟಿಕಲ್ಸ್ ಮಾಡುವವರಿಗೆ ದೊಡ್ಡ ಲೆಕ್ಕ ಕಲಿಯುವ ಶಾಲೆಯಾಗಿತ್ತು. ಆ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಬಿಗ್ ಫೋರ್ ಕಡೆಗಿನ ಓಟಕ್ಕೆ ಬರೀ ಮೋಹವೇ ಕಾರಣ ಎನ್ನುವವರು ಇದನ್ನು ಮರೆಯುತ್ತಾರೆ.

ಇಷ್ಟಾದರೂ ಒಂದು ಹಳೆಯ ಸಂಶಯ ತೀರುವುದಿಲ್ಲ. ಬಿಗ್ ಫೋರ್‌ನಿಂದ ಬಂದವರು ಮುಂದೆ ಬಂದದ್ದು ಅಲ್ಲಿನ ತರಬೇತಿಯಿಂದಲೋ, ಅಥವಾ ಮುಂದೆ ಬರುವಂಥವರನ್ನೇ ಆ ಸಂಸ್ಥೆಗಳು ಆರಿಸಿಕೊಂಡದ್ದರಿಂದಲೋ? ಅವು ಹುಡುಕುವುದು ಮೊದಲ ಯತ್ನದಲ್ಲೇ ಎರಡೂ ಗುಂಪು ಪಾಸಾದವರನ್ನು, ರ್‍ಯಾಂಕ್ ಬಂದವರನ್ನು, ಇಂಗ್ಲಿಷಿನಲ್ಲಿ ತಡವರಿಸದೆ ಮಾತಾಡುವವರನ್ನು. ಇಂಥವರು ಮಲ್ಲೇಶ್ವರದ ಎರಡು ಕೋಣೆಯ ಕಚೇರಿಯಲ್ಲಿ ಕಲಿತಿದ್ದರೂ ಹಿಂದೆ ಬೀಳುತ್ತಿರಲಿಲ್ಲ ಎನ್ನಬಹುದು. ಬೆಂಗಳೂರಿನ ಅತಿ ಪ್ರಸಿದ್ಧ ಹಣಕಾಸು ಮುಖ್ಯಸ್ಥರ ಚರಿತ್ರೆ ಈ ಸಂಶಯಕ್ಕೆ ಬಲ ಕೊಡುತ್ತದೆ. ಟಿ.ವಿ. ಮೋಹನದಾಸ್ ಪೈ 1994ರಲ್ಲಿ ಇನ್ಫೊಸಿಸ್ ಸೇರುವ ಮೊದಲು ಇದ್ದದ್ದು ಪ್ರಕಾಶ್ ಲೀಸಿಂಗ್ ಎಂಬ ಕಂಪನಿಯಲ್ಲಿ. ಅವರ ನಂತರ 2006ರಲ್ಲಿ ಸಿಎಫ್‌ಒ ಆದ ವಿ. ಬಾಲಕೃಷ್ಣನ್ 1991ರಲ್ಲಿ ಬಂದದ್ದು ಆ್ಯಮ್ಕೊ ಬ್ಯಾಟರೀಸ್‌ನಿಂದ. 1999ರಲ್ಲಿ ಇನ್ಫೊಸಿಸ್ ನಾಸ್ಡಾಕ್‌ಗೆ ಹೋದಾಗ ಅಮೆರಿಕದ ಲೆಕ್ಕ ಮಾನದಂಡಗಳನ್ನು ಕಂಪನಿಗೆ ಒಗ್ಗಿಸಿದ್ದು ಇಂಥವರ ಕೈಯಲ್ಲಿ ಬೆಳೆದ ತಂಡ. ವಿಪ್ರೊದ ಅಪರ್ಣಾ ಅಯ್ಯರ್ 2003ರಲ್ಲಿ ಆಂತರಿಕ ಲೆಕ್ಕ ಪರಿಶೋಧನೆಯ ಹುದ್ದೆಗೆ ಸೇರಿ, ಅದೇ ಕಂಪನಿಯಲ್ಲಿ ಇಪ್ಪತ್ತು ವರ್ಷ ದುಡಿದು, 2023ರ ಸೆಪ್ಟೆಂಬರಿನಲ್ಲಿ ಸಿಎಫ್‌ಒ ಆದರು. ಇವರೆಲ್ಲ ಅಪವಾದಗಳು, ಅಪವಾದದಿಂದ ನಿಯಮ ಕಟ್ಟಲಾಗದು ಎಂದು ಯಾರಾದರೂ ಹೇಳಿದರೆ ಆ ಮಾತು ನ್ಯಾಯವೇ. ಪೈ, ಬಾಲಕೃಷ್ಣನ್ ಕಾಲದ ಇನ್ಫೊಸಿಸ್ ಚಿಕ್ಕ ಕಂಪನಿ, ಇವರು ಅದರ ಜೊತೆಗೇ ಬೆಳೆದರು. ಇಂದು ಅದೇ ಕಂಪನಿಗೆ ಹೊರಗಿನಿಂದ ಬಂದು ಸೇರುವವರಿಗೆ ಜರಡಿ ಹೆಚ್ಚು ಸಣ್ಣದು. ನನಗೆ ಈ ಉದಾಹರಣೆಗಳಿಂದ ಬೇಕಾದದ್ದು ಇಷ್ಟೇ: ಎತ್ತರಕ್ಕೆ ಏರಲು ಆ ಹೆಸರು ಅನಿವಾರ್ಯ ಎನ್ನುವ ಮಾತು ನಿಲ್ಲುವುದಿಲ್ಲ. ಅನುಕೂಲ ಎನ್ನುವ ಮಾತು ನಿಲ್ಲುತ್ತದೆ. ಅನಿವಾರ್ಯವನ್ನೂ ಅನುಕೂಲವನ್ನೂ ಒಂದೇ ಮಾಡಿಕೊಂಡು, ಸೀಟು ಸಿಗದ ಹುಡುಗರು ಇಪ್ಪತ್ತೊಂದನೇ ವಯಸ್ಸಿಗೇ ತಮ್ಮ ಕತೆ ಮುಗಿಯಿತು ಎಂದುಕೊಳ್ಳುವುದು ಈ ವೃತ್ತಿಯಲ್ಲಿ ದಿನವೂ ನಡೆಯುವ ಅನ್ಯಾಯ.

ಈಗ ಪೀಣ್ಯದ ಕಡೆ ತಿರುಗೋಣ. ನಮ್ಮಲ್ಲಿ ಸಿಎ ಎಂದು ಯಾರೂ ಕರೆಯುವುದಿಲ್ಲ, 'ನಮ್ಮ ಆಡಿಟರ್' ಎನ್ನುತ್ತಾರೆ. ಮನೆ ವೈದ್ಯರ ಹಾಗೆ ಪ್ರತಿ ಕಾರ್ಖಾನೆಗೂ ಒಬ್ಬ ಆಡಿಟರ್ ಇರುತ್ತಾರೆ. ಅವರ ಕಚೇರಿಯಲ್ಲಿ ಆರ್ಟಿಕಲ್ಸ್ ಮಾಡುವವನ ತಿಂಗಳು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಶುರುವಾಗಿ ಜಿಎಸ್‌ಟಿಆರ್-3ಬಿ ರಿಟರ್ನಿನ ಇಪ್ಪತ್ತನೇ ತಾರೀಕಿನ ಸುತ್ತ ಗಿರಕಿ ಹೊಡೆಯುತ್ತದೆ. ವೌಚಿಂಗ್, ಬ್ಯಾಂಕ್ ಲೆಕ್ಕದ ತಾಳೆ, ಟಿಡಿಎಸ್, ಕಾರ್ಮಿಕರ ಪಿಎಫ್, ಸಾಲದ ಮಿತಿ ಏರಿಸಲು ಬ್ಯಾಂಕಿಗೆ ಕೊಡುವ ವರದಿ, ಸೆಪ್ಟೆಂಬರಿನ ಟ್ಯಾಕ್ಸ್ ಆಡಿಟ್, ಇಲಾಖೆಯ ನೋಟಿಸಿಗೆ ಉತ್ತರ, ಎಲ್ಲವೂ ಅವನ ಮೇಜಿನ ಮೇಲೇ. ಬಿಡಿಭಾಗ ಮಾಡುವ ಒಬ್ಬ ಮಾಲೀಕನ ವ್ಯವಹಾರದ ಆದಿಯಿಂದ ಅಂತ್ಯದವರೆಗೆ ಅವನಿಗೆ ಗೊತ್ತಾಗುತ್ತದೆ. ಒಂದು ಉದಾಹರಣೆ ಸಾಕು. 2023–24ರ ಲೆಕ್ಕ ವರ್ಷದಿಂದ ಜಾರಿಗೆ ಬಂದ ಆದಾಯ ತೆರಿಗೆಯ ನಿಯಮವೊಂದು, ಸಣ್ಣ ಉತ್ಪಾದಕರಿಗೆ ಕಾನೂನಿನ ಅವಧಿಯೊಳಗೆ, ಎಂದರೆ ಗರಿಷ್ಠ 45 ದಿನದೊಳಗೆ, ಹಣ ಕೊಡದ ಖರೀದಿದಾರನಿಗೆ ಆ ವರ್ಷ ಆ ಖರ್ಚನ್ನು ಲೆಕ್ಕದಲ್ಲಿ ಕಳೆಯಲು ಬಿಡುವುದಿಲ್ಲ. ದೊಡ್ಡ ಸಂಸ್ಥೆಯ ಆರ್ಟಿಕಲ್‌ಗೆ ಇದು ಪರಿಶೀಲನಾ ಪಟ್ಟಿಯಲ್ಲಿ ಒಂದು ಸಾಲು. ಪೀಣ್ಯದವನಿಗೆ ಇದರ ಎರಡೂ ಮುಖಗಳು ಕಾಣುತ್ತವೆ: ಮಾಲೀಕ ಮೇಲಿನ ಕಂಪನಿಯಿಂದ ಬಾಕಿ ಬೇಗ ಬರುತ್ತದೆಂದು ಹಿಗ್ಗುತ್ತಾನೆ, ಅದೇ ಹೊತ್ತಿಗೆ ತಾನು ಎಲೆಕ್ಟ್ರೋಪ್ಲೇಟಿಂಗ್‌ನವನಿಗೆ ಕೊಡಬೇಕಾದ ಬಾಕಿಯನ್ನು ಎಣಿಸಿ ತಲೆ ಕೆರೆದುಕೊಳ್ಳುತ್ತಾನೆ. ಹಣ ಹೇಗೆ ಸಿಕ್ಕಿಹಾಕಿಕೊಳ್ಳುತ್ತದೆ, ಹೇಗೆ ಬಿಡಿಸಿಕೊಳ್ಳುತ್ತದೆ ಎಂಬ ಅರಿವು ಮುಂದೆ ಸ್ವಂತ ಕಚೇರಿ ತೆರೆಯುವವನಿಗೂ, ಯಾವುದಾದರೂ ಮಧ್ಯಮ ಕಂಪನಿಯ ಹಣಕಾಸು ನೋಡುವವನಿಗೂ ಬಂಡವಾಳ.

2025ರ ಜುಲೈ ತಿಂಗಳು ಇಂಥ ಅರಿವಿನ ಬೆಲೆಯನ್ನು ಇಡೀ ರಾಜ್ಯಕ್ಕೆ ತೋರಿಸಿಕೊಟ್ಟಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಅಂಕಿ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಬರಹಗಳು ಬಂದವು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು ಎಂಬುದು ನಿಯಮ. ಆದರೆ ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲು ಎಷ್ಟು, ತೆರಿಗೆಯ ಮಾಲು ಎಷ್ಟು, ಖಾತೆಗೆ ಬಂದ ಕೈಸಾಲ ಎಷ್ಟು ಎಂದು ಬಿಡಿಸಿ, ಅಧಿಕಾರಿಯ ಮುಂದೆ ಕನ್ನಡದಲ್ಲಿ ವಿವರಿಸಿ, ಬರಹದಲ್ಲಿ ಉತ್ತರ ಕೊಡಬಲ್ಲವರು ಬೇಕಾಗಿದ್ದರು. ಆ ದಿನಗಳಲ್ಲಿ ಚಿಕ್ಕಬಾಣಾವರದ ಬೇಕರಿಯವನಿಗೆ ಬಹುರಾಷ್ಟ್ರೀಯ ಸಂಸ್ಥೆಯಲ್ಲಿ ಷೇರು ಆಯ್ಕೆಗಳ ಮೌಲ್ಯಮಾಪನ ಕಲಿತ ಸಿಎಯಿಂದ ಏನೂ ಆಗಬೇಕಾಗಿರಲಿಲ್ಲ. ಜುಲೈ ಕೊನೆಗೆ ಮುಖ್ಯಮಂತ್ರಿಯೇ ವ್ಯಾಪಾರಿಗಳ ಜೊತೆ ಕೂತು ಹಳೆಯ ಬಾಕಿಯ ವಸೂಲಿ ಕೈಬಿಡುವ ಮಾತು ಕೊಟ್ಟರು. ಆದರೆ ನೋಂದಣಿಯ ಅಗತ್ಯ ಹೋಗಲಿಲ್ಲ, ಆಡಿಟರ್‌ನ ಅಗತ್ಯ ಇನ್ನೂ ಹೆಚ್ಚಿತು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ತರುವ ತೀರ್ಮಾನವೂ ಇದೇ ಪೇಟೆಗೆ ಕೆಲಸ ತರುವಂಥದ್ದು.

ಸಣ್ಣ ಕಚೇರಿಯನ್ನು ಹೊಗಳುವಾಗ ಎದುರಾಗುವ ಆಕ್ಷೇಪ ಗಟ್ಟಿಯಾದದ್ದೇ. ಎಲ್ಲ ಸಣ್ಣ ಕಚೇರಿಯೂ ಕಲಿಸುವ ಕಚೇರಿಯಾಗಿರುವುದಿಲ್ಲ. ಕೆಲವು ಕಡೆ ಆರ್ಟಿಕಲ್ ಎಂದರೆ ಬ್ಯಾಂಕಿಗೆ ಚೆಕ್ ಕಟ್ಟಿ ಬರುವ, ಮೂರು ವರ್ಷದ ಹಳೆಯ ಬಿಲ್ಲುಗಳನ್ನು ಟ್ಯಾಲಿಗೆ ಏರಿಸುವ ಅಗ್ಗದ ಕೈ. ಮಾನದಂಡಗಳ ಓದು ಅಲ್ಲಿ ಪರೀಕ್ಷೆಗೆ ಮಾತ್ರ, ಮಾಲೀಕ ಹೇಳಿದ ಲಾಭಕ್ಕೆ ತಕ್ಕಂತೆ ಲೆಕ್ಕ ಹೊಂದಿಸುವ ದುರಭ್ಯಾಸವೂ ಅಂಟಿಕೊಳ್ಳಬಹುದು. ಇದನ್ನು ಒಪ್ಪೋಣ. ಆದರೆ ಆಡಿಟ್‌ನ ಪ್ರಾಮಾಣಿಕತೆಗೂ ಸಂಸ್ಥೆಯ ಗಾತ್ರಕ್ಕೂ ನೇರ ಸಂಬಂಧ ಕಲ್ಪಿಸುವವರಿಗೆ ಇತಿಹಾಸ ಸಾಥ್ ಕೊಡುವುದಿಲ್ಲ. 2009ರ ಜನವರಿಯಲ್ಲಿ ಸತ್ಯಂ ಹಗರಣ ಹೊರಬಿದ್ದಾಗ ಆ ಕಂಪನಿಯ ಲೆಕ್ಕಕ್ಕೆ ವರ್ಷಗಟ್ಟಲೆ ಸಹಿ ಹಾಕಿದ್ದು ಪ್ರೈಸ್ ವಾಟರ್‌ಹೌಸ್. ನಮ್ಮ ಚಿಕ್ಕಮಗಳೂರಿನ ಕಾಫಿ ಡೇ ಸಮೂಹದಲ್ಲಿ ಸುಮಾರು 3,535 ಕೋಟಿ ರೂಪಾಯಿ ಉಪಕಂಪನಿಗಳಿಂದ ಪ್ರವರ್ತಕರ ಕಂಪನಿಗೆ ಹರಿದ ಪ್ರಕರಣದಲ್ಲಿ, 2018ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ ಸಣ್ಣ ಆಡಿಟ್ ಸಂಸ್ಥೆಗಳ ಮೇಲೂ ದಂಡದ ಆದೇಶ ಹೊರಡಿಸಿತು, ಕೆಪಿಎಂಜಿ ಜಾಲದ ಸಂಸ್ಥೆಯ ಮೇಲೂ ಹೊರಡಿಸಿತು. ದೊಡ್ಡ ಹೆಸರು ಒಮ್ಮೆಗೇ ಕರಗಿಹೋಗುವುದೂ ಉಂಟು. ಎಂಟು ದೊಡ್ಡ ಸಂಸ್ಥೆಗಳಿದ್ದ ಜಗತ್ತು ಕೂಡಿಕೆಗಳಿಂದ ಐದಕ್ಕೆ ಇಳಿದು, ಎನ್ರಾನ್ ಹಗರಣದ ನಂತರ 2002ರಲ್ಲಿ ಆರ್ಥರ್ ಆ್ಯಂಡರ್‌ಸನ್ ಕುಸಿದು ನಾಲ್ಕಕ್ಕೆ ನಿಂತಿತು. ಅದರಲ್ಲಿ ದುಡಿಯುತ್ತಿದ್ದವರು ಜಗತ್ತಿನಾದ್ಯಂತ ಸುಮಾರು 85,000. ಅವರಲ್ಲಿ ಬಹುಮಂದಿ ಬೇರೆಡೆ ನೆಲೆ ಕಂಡುಕೊಂಡರು. ಅವರಿಗೆ ಆಗ ನೆರವಾದದ್ದು ಕೈಯಲ್ಲಿದ್ದ ಕೆಲಸವೇ ಹೊರತು ಹಣೆಯ ಮೇಲಿದ್ದ ಹೆಸರಲ್ಲ.

ಇನ್ನೊಂದು ಆಕ್ಷೇಪ ವಲಸೆಯದು, ಅದಕ್ಕೆ ನನ್ನ ಬಳಿ ಪ್ರತಿವಾದವಿಲ್ಲ. ದುಬೈಯ ಅಥವಾ ಸಿಡ್ನಿಯ ಕಂಪನಿಯವರಿಗೆ ರಾಜಾಜಿನಗರದ ಒಳ್ಳೆಯ ಸಂಸ್ಥೆ ಯಾವುದೆಂದು ಗೊತ್ತಿರುವುದಿಲ್ಲ. ಬಿಗ್ ಫೋರ್ ಗೊತ್ತಿರುತ್ತದೆ. ಅದೇ ಜಾಲದ ಇನ್ನೊಂದು ದೇಶದ ಕಚೇರಿಗೆ ವರ್ಗವಾಗುವ ದಾರಿಯೂ ಇರುತ್ತದೆ. ಹೊರದೇಶಕ್ಕೆ ಹೋಗಲೇಬೇಕು ಎಂದು ತೀರ್ಮಾನಿಸಿದವರು ಅಲ್ಲಿಗೆ ಸೇರಲಿ.

ಲಾಭದ ಎದುರು ಬೆಲೆಯನ್ನೂ ಇಡಬೇಕು. ಸಿಎ ಸಂಸ್ಥೆಯ ನಿಯಮದ ಪ್ರಕಾರ ಆರ್ಟಿಕಲ್ ವಾರಕ್ಕೆ 35 ಗಂಟೆ ಕೆಲಸ ಮಾಡಬೇಕು. ಫಲಿತಾಂಶದ ಋತುವಿನಲ್ಲಿ ದೊಡ್ಡ ಕಚೇರಿಗಳಲ್ಲಿ ಆ ಅಂಕಿಗೆ ಅರ್ಥವಿರುವುದಿಲ್ಲ ಎಂಬುದು ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. 2024ರಲ್ಲಿ ಪುಣೆಯ ಇವೈ ಜಾಲದ ಕಚೇರಿಗೆ ಸೇರಿದ ನಾಲ್ಕೇ ತಿಂಗಳಲ್ಲಿ 26 ವರ್ಷದ ಯುವ ಸಿಎ ಒಬ್ಬರು ತೀರಿಕೊಂಡರು. ಕೆಲಸದ ಹೊರೆಯೇ ಕಾರಣ ಎಂದು ತಾಯಿ ಬರೆದ ಪತ್ರ ದೇಶದುದ್ದಕ್ಕೂ ಚರ್ಚೆಯಾಯಿತು, ಸಂಸ್ಥೆ ಆ ಆರೋಪವನ್ನು ಒಪ್ಪಲಿಲ್ಲ. ಯಾರ ಮಾತು ಸರಿ ಎಂದು ಇಲ್ಲಿ ತೀರ್ಪು ಕೊಡಬೇಕಾಗಿಲ್ಲ. ಪತ್ರಕ್ಕೆ ಸಿಕ್ಕ ಪ್ರತಿಕ್ರಿಯೆಯ ಮಹಾಪೂರವೇ ಒಂದು ಸಾಕ್ಷ್ಯ. ಸೋಲದೇವನಹಳ್ಳಿಯಿಂದ ಹೊರವರ್ತುಲ ರಸ್ತೆಗೋ ದೊಮ್ಮಲೂರಿಗೋ ದಿನವೂ ಹೋಗಿಬರುವ ಹುಡುಗಿಗೆ ಈ ಬೆಲೆಯಲ್ಲಿ ಹೆಬ್ಬಾಳದ ಟ್ರಾಫಿಕ್ಕೂ ರಾತ್ರಿಯ ಪ್ರಯಾಣವೂ ಸೇರುತ್ತವೆ. ಇದಕ್ಕಿಂತ ಹೆಚ್ಚಾಗಿ ಅಂತಿಮ ಪರೀಕ್ಷೆಯ ಪ್ರಶ್ನೆ ಇದೆ. ಸಿಎ ಫೈನಲ್‌ನ ಎರಡೂ ಗುಂಪು ಒಟ್ಟಿಗೆ ಬರೆದವರಲ್ಲಿ 2023ರ ನವೆಂಬರಿನಲ್ಲಿ ಪಾಸಾದವರು ಶೇ 9.42, 2024ರ ಮೇ ತಿಂಗಳಲ್ಲಿ ಶೇ 19.88. ಆರ್ಟಿಕಲ್‌ಶಿಪ್ ಎಲ್ಲಿ ಮಾಡಿದರೂ ಫೈನಲ್ ದಾಟದೆ ಹೋದರೆ ಬಿಗ್ ಫೋರ್ ಹೆಸರು ಅರ್ಧ ಬೆಲೆಗೆ ಇಳಿಯುತ್ತದೆ. 2023ರ ಜುಲೈಯಿಂದ ಆರ್ಟಿಕಲ್‌ಶಿಪ್ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿದಿರುವುದರಿಂದ ಈ ತೂಗಾಟ ಇನ್ನೂ ಬಿಗಿಯಾಗಿದೆ. ದೊಡ್ಡ ಆಡಿಟ್‌ನಲ್ಲಿ ಮೊದಲ ವರ್ಷವೆಲ್ಲ ನಗದು ಮತ್ತು ಸ್ಥಿರಾಸ್ತಿಯ ಪಟ್ಟಿ ತಾಳೆ ನೋಡುವುದರಲ್ಲೇ ಕಳೆಯುತ್ತದೆ. ಆದಾಯ, ಒಗ್ಗೂಡಿಕೆಯಂಥ ರಸವತ್ತಾದ ಭಾಗ ಮೂರನೇ ವರ್ಷದವರ ಪಾಲು ಎಂಬುದು ಹಳೆಯ ಕ್ರಮ. ಆ ಮೂರನೇ ವರ್ಷವೇ ಈಗಿಲ್ಲ. ಸಂಸ್ಥೆಗಳು ಹೊಸ ಅವಧಿಗೆ ತಕ್ಕಂತೆ ಕೆಲಸ ಹಂಚದಿದ್ದರೆ ಎರಡು ವರ್ಷದ ಕೊನೆಗೆ ಕೈಗೆ ಬರುವುದು ಹೆಸರು ಮಾತ್ರ.

ಹಾಗೆ ಬಂದ ಹೆಸರಾದರೂ ಎಷ್ಟು ವರ್ಷ ಓಡುತ್ತದೆ? ದೊಡ್ಡ ಸಂಸ್ಥೆಗಳ ಒಳರಚನೆ ಬುಡ ಅಗಲ, ತುದಿ ಸಣ್ಣ. ಸೇರಿದವರಲ್ಲಿ ಪಾಲುದಾರರಾಗುವವರು ಬೆರಳೆಣಿಕೆಯಷ್ಟು. ಉಳಿದವರು ಹೊರಗೆ ಹೋಗುವುದೇ ಅದರ ಸಹಜ ಕ್ರಮ. ಆದ್ದರಿಂದ ಅಲ್ಲಿನ ಅನುಭವವನ್ನು ಒಳಗಿರುವಾಗಿನ ಹುದ್ದೆಯಿಂದ ಅಳೆಯುವ ಬದಲು ಹೊರಬರುವಾಗ ಕೈಯಲ್ಲಿರುವ ಸರಕಿನಿಂದ ಅಳೆಯಬೇಕು. ಹೊರಗಿನ ಮೊದಲ ಕೆಲಸಕ್ಕೆ ಹೆಸರು ಬಹಳ ದುಡಿಯುತ್ತದೆ, ಏಕೆಂದರೆ ಆಯ್ಕೆ ಮಾಡುವವರಿಗೆ ಅಭ್ಯರ್ಥಿಯ ಬಗ್ಗೆ ಬೇರೆ ಏನೂ ಗೊತ್ತಿರುವುದಿಲ್ಲ. ಎರಡನೇ ಕೆಲಸಕ್ಕೆ ಮೊದಲನೆಯದೇ ಸಾಕ್ಷಿಯಾಗುತ್ತದೆ. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಯಾವ ಕಂಪನಿಯ ಲೆಕ್ಕವನ್ನು ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ತಂದೆ ಎಂಬ ಪ್ರಶ್ನೆ ಉಳಿದು, ಆರ್ಟಿಕಲ್ಸ್ ಎಲ್ಲಿ ಎಂಬುದು ಊಟದ ಹೊತ್ತಿನ ಮಾತಾಗುತ್ತದೆ. ಬೆಂಗಳೂರಿನ ಪೇಟೆ ಈಗ ಆ ಹೆಸರನ್ನು ಗುರುತಿಸುವವರ ಕಡೆಗೇ ವಾಲುತ್ತಿದೆ ಎಂಬುದು ನಿಜ. ಕರ್ನಾಟಕ ಸರ್ಕಾರ 2024ರ ನವೆಂಬರಿನಲ್ಲಿ ಹೊರತಂದ ಜಾಗತಿಕ ಸಾಮರ್ಥ್ಯ ಕೇಂದ್ರಗಳ ನೀತಿ 2029ರೊಳಗೆ 500 ಹೊಸ ಕೇಂದ್ರಗಳನ್ನು ತರುವ ಗುರಿ ಇಟ್ಟುಕೊಂಡಿದೆ. ಅವುಗಳ ಹಣಕಾಸು ವಿಭಾಗಗಳು ಬಿಗ್ ಫೋರ್‌ನಲ್ಲಿ ಪಳಗಿದವರಿಗೆ ಮೊದಲ ಮಣೆ ಹಾಕುತ್ತವೆ, ನೇಮಿಸಿಕೊಳ್ಳುವ ಅಧಿಕಾರಿಗಳಲ್ಲೇ ಹಲವರು ಅಲ್ಲಿಂದ ಬಂದವರು. ಆದರೆ ಇದೇ ಕೇಂದ್ರಗಳಲ್ಲಿ ಕೆಳಹಂತದ ತಾಳೆ ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನವೂ ಜೋರಾಗಿದೆ. ಒಂದೇ ಹಂತವನ್ನು ಸಾವಿರ ಸಲ ಮಾಡಿದ ಅನುಭವಕ್ಕೆ ಮೊದಲು ಕುತ್ತು ಬರುವುದು ಅಲ್ಲಿಯೇ.

ಹಾಗಾದರೆ ತೀರ್ಮಾನ? ನೋಂದಾಯಿತ ಕಂಪನಿ, ಜಾಗತಿಕ ಕೇಂದ್ರ, ಹೊರದೇಶ, ಈ ಮೂರರ ಕಡೆ ಮುಖ ಮಾಡಿದವರಿಗೆ ದೊಡ್ಡ ಸಂಸ್ಥೆಯ ಆಡಿಟ್ ವಿಭಾಗದ ಅನುಭವ ಖಂಡಿತ ನೆರವಾಗುತ್ತದೆ, ಮೊದಲ ಹತ್ತು ವರ್ಷ ಹೆಚ್ಚಾಗಿ. ಸ್ವಂತ ಪ್ರಾಕ್ಟೀಸ್, ತೆರಿಗೆ ವಕಾಲತ್ತು, ಕುಟುಂಬದ ಉದ್ದಿಮೆ ಅಥವಾ ಮಧ್ಯಮ ಕಾರ್ಖಾನೆಗಳ ಹಣಕಾಸು ಎನ್ನುವವರಿಗೆ ಒಳ್ಳೆಯ ಸಣ್ಣ ಅಥವಾ ಮಧ್ಯಮ ಕಚೇರಿ ಅದಕ್ಕಿಂತ ಮೇಲು. 'ಒಳ್ಳೆಯ' ಎಂಬುದಕ್ಕೆ ಒತ್ತು. ಇಪ್ಪತ್ತೊಂದರ ವಯಸ್ಸಿನಲ್ಲಿ ಯಾರಿಗೆ ತನ್ನ ದಿಕ್ಕು ಗೊತ್ತಿರುತ್ತದೆ, ಗೊತ್ತಿಲ್ಲದಿದ್ದರೆ ದೊಡ್ಡ ಹೆಸರನ್ನೇ ಹಿಡಿಯುವುದು ಜಾಣತನವಲ್ಲವೇ ಎಂದು ಕೇಳಬಹುದು. ದಿಕ್ಕು ಗೊತ್ತಿಲ್ಲದವನಿಗೆ ಆ ಸಲಹೆ ತಪ್ಪಲ್ಲ. ಆದರೆ ಆರ್ಟಿಕಲ್‌ಶಿಪ್ ವರ್ಗಾವಣೆಗೆ ಸುಲಭದ ಅವಕಾಶ ಇರುವುದು ಮೊದಲ ವರ್ಷದಲ್ಲಿ ಮಾತ್ರ, ಆಮೇಲೆ ನಿರ್ದಿಷ್ಟ ಕಾರಣ ಬೇಕು. ಆದ್ದರಿಂದ ಸೇರಿದ ಆರೇಳು ತಿಂಗಳಿಗೆ ಒಮ್ಮೆ ಕೂತು ಕೇಳಿಕೊಳ್ಳಬೇಕು: ನಾನು ಬರೆದ ಯಾವ ಟಿಪ್ಪಣಿಯ ಆಧಾರದ ಮೇಲೆ ಹಿರಿಯರು ತೀರ್ಮಾನ ತೆಗೆದುಕೊಂಡರು, ಯಾವ ಕಕ್ಷಿದಾರನ ಮುಂದೆ ನಾನೇ ಮಾತಾಡಿದೆ, ಈ ಕಂಪನಿಗೆ ಹಣ ಎಲ್ಲಿಂದ ಬರುತ್ತದೆಂದು ನನ್ನ ಮಾತಿನಲ್ಲಿ ಹೇಳಬಲ್ಲೆನೇ. ಉತ್ತರ ಬರಿದಾಗಿದ್ದರೆ ಕಚೇರಿ ದೊಡ್ಡದಿರಲಿ ಸಣ್ಣದಿರಲಿ, ಜಾಗ ಬದಲಿಸಲು ಅದೇ ಸಮಯ.

ಕೊನೆಯದಾಗಿ ಕಾಲೇಜುಗಳಲ್ಲಿ ಒಂದು ಕೇಳಿಕೆ. ಪ್ರವೇಶದ ಋತುವಿನಲ್ಲಿ ಫ್ಲೆಕ್ಸ್‌ಗಳ ಮೇಲೆ ಬಿಗ್ ಫೋರ್ ಲಾಂಛನ ಹಾಕುವಾಗ, ನಿಮ್ಮ ವಿದ್ಯಾರ್ಥಿಗಳು ಆ ಸಂಸ್ಥೆಯ ಯಾವ ಘಟಕಕ್ಕೆ ಸೇರಿದರು, ಯಾವ ಹುದ್ದೆಗೆ, ಎರಡು ವರ್ಷದ ನಂತರ ಎಲ್ಲಿದ್ದಾರೆ ಎಂಬುದನ್ನೂ ಮುದ್ರಿಸಿ. ಸಾಲ ಮಾಡಿ ಫೀಸು ಕಟ್ಟುವ ತಂದೆತಾಯಿಗೆ ಅಷ್ಟು ವಿವರ ಕೊಡುವುದು ನಿಮಗೆ ಹೊರೆಯಲ್ಲ.